ಎಲೆಯಿಂದ ಎತ್ತಿಕೊಂಡ ಒಬ್ಬಟ್ಟು

ಕವರಿನ ಗಂಟು ಬಿಚ್ಚಿದ್ದೇ ತಡ, ಅಡುಗೆಮನೆಯೆಲ್ಲ ಅಟ್ಟದ ವಾಸನೆ. ಅಂಗಡಿಯಲ್ಲಿ ಪ್ಯಾಕೆಟ್ ಮಾಡಿ ಮಾರುವ ತುರಿಗೆ ಈ ವಾಸನೆ ಇರುವುದಿಲ್ಲ. ವರ್ಷ ಪೂರ್ತಿ ಹೆಂಚಿನ ಕೆಳಗೆ, ಒಲೆಯ ಹೊಗೆಯ ಮೇಲೆ, ಚಿಪ್ಪಿನೊಳಗೇ ಒಣಗಿದ ಉಂಡೆ ಕೊಬ್ಬರಿಗೆ ಮಾತ್ರ ಇರುತ್ತದೆ. ಒಂದಿಷ್ಟು ಎಣ್ಣೆ, ಒಂದಿಷ್ಟು ಹೊಗೆ, ಒಂದಿಷ್ಟು ಗೋಣಿಚೀಲ. ಮೂಸಿ ನೋಡಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡೆ. ಹೋದ ವಾರ ಅರಸೀಕೆರೆಗೆ ಹೋಗಿದ್ದಾಗ ಕೊಟ್ಟು ಕಳಿಸಿದ ಕೊಬ್ಬರಿ ಇದು. ಯಾಕೆ ಹೋಗಿದ್ದೆ ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿಬಿಟ್ಟರೆ ಉಳಿದದ್ದನ್ನು ನಗುನಗುತ್ತಾ ಹೇಳಲು ನನ್ನಿಂದ ಆಗುವುದಿಲ್ಲ.

ನಮ್ಮ ಮನೆ ಓನರು ನೆನಪಾದರು. ಅವರಿಗೆ ಹೆಸರಿರಲಿಲ್ಲ ಅಂತಲ್ಲ, ಮಂಡಿಯ ಬೋರ್ಡಿನ ಮೇಲೆ ಕೆಂಪು ಅಕ್ಷರದಲ್ಲಿ ದೊಡ್ಡದಾಗಿಯೇ ಬರೆಸಿದ್ದರು. ಆದರೆ ನಾನು ಅವರ ಮಹಡಿಯಲ್ಲಿ ಬಾಡಿಗೆಗಿದ್ದಷ್ಟು ವರ್ಷವೂ ಅವರನ್ನು ಓನರು ಎಂದೇ ಕರೆದೆ, ಅವರ ಹೆಂಡತಿಯನ್ನು ಓನರಮ್ಮ ಎಂದು. ಅವರಿಬ್ಬರಿಗೂ ನಾನು ಟೀಚರಮ್ಮ. ಅಷ್ಟರಲ್ಲೇ ಎಲ್ಲ ಸಂಬಂಧವೂ ಹಿಡಿಸಿತ್ತು.

ತೊಂಬತ್ತರ ದಶಕದ ಕೊನೆಯಲ್ಲಿ ಅರಸೀಕೆರೆಯ ಹೈಸ್ಕೂಲಿಗೆ ವರ್ಗವಾಗಿ ಬಂದಿದ್ದೆ. ನಾವು ಬೌದ್ಧರು. ಮನೆ ಕೇಳಿಕೊಂಡು ಹೋದ ಕಡೆಯೆಲ್ಲ ಬಾಡಿಗೆ, ನೀರು, ಕರೆಂಟು ಎಲ್ಲ ಮಾತಾಡಿ ಮುಗಿದ ಮೇಲೆ "ನೀವು ಯಾವ ಪೈಕಿ?" ಅನ್ನುವ ಪ್ರಶ್ನೆ ಬರುತ್ತಿತ್ತು. ನಾನು ಮುಚ್ಚಿಡುವವಳಲ್ಲ. ಹೇಳಿದ ಕೂಡಲೇ ಆ ಮನೆ ಯಾರೋ ನೆಂಟರಿಗೆ ಹಿಂದಿನ ದಿನವೇ ನಿಗದಿಯಾಗಿಬಿಟ್ಟಿರುತ್ತಿತ್ತು. ಓನರು ಮಾತ್ರ ಅದನ್ನು ಕೇಳಲೇ ಇಲ್ಲ. ಅಂಗಿ ಜೇಬಿನಿಂದ ಒಂದು ಕೊಬ್ಬರಿ ಚೂರು ತೆಗೆದು ಕೈಗೆ ಕೊಟ್ಟು, "ತಿಂದು ಹೇಳಿ, ಹೆಂಗೈತೆ?" ಅಂದರು. ತಿಂದೆ. ಚೆನ್ನಾಗಿದೆ ಅಂದೆ. "ಹಂಗಾದ್ರೆ ಮೇಲ್ಗಡೆ ಮನೆ ನಿಮ್ದೇ" ಅಂದರು. ಸಾಮಾನು ತಂದ ದಿನ ಬುದ್ಧನ ಪಟ ನೇತುಹಾಕಲು ಸುತ್ತಿಗೆ ಕೇಳಿದ್ದಕ್ಕೆ ತಾವೇ ಮೆಟ್ಟಿಲು ಹತ್ತಿ ಬಂದು, ಏದುಸಿರು ಬಿಡುತ್ತಾ ಮೊಳೆ ಹೊಡೆದುಕೊಟ್ಟರು. ಸೊಟ್ಟಗೆ ಹೊಡೆದರು. ನಾನಿದ್ದಷ್ಟು ಕಾಲವೂ ಆ ಪಟ ಸ್ವಲ್ಪ ಎಡಕ್ಕೆ ವಾಲಿಕೊಂಡೇ ಇತ್ತು.

ಅವರದು ಕೊಬ್ಬರಿ ಮಂಡಿ. ಜಾವಗಲ್ ಕಡೆಯ ತೋಟಗಳಿಂದ ರೈತರು ಚೀಲ ತಂದು ಇಳಿಸಿದರೆ, ಓನರು ಒಂದೊಂದು ಚೀಲಕ್ಕೂ ಮೊಣಕೈವರೆಗೆ ಕೈ ಹಾಕಿ, ತಳದಿಂದ ಒಂದು ಕೊಬ್ಬರಿ ಎತ್ತಿ, ಒಡೆದು, ಮೂಸಿ, ಚೂರು ಬಾಯಿಗೆ ಹಾಕಿ ಅಗಿದು ಬೆಲೆ ಹೇಳುತ್ತಿದ್ದರು. ಇದಕ್ಕೊಂದು ಕಟ್ಟಳೆ ಇತ್ತು. ಅಗಿದದ್ದನ್ನು ಉಗುಳಿದರೆ ಮಾಲು ಕೆಟ್ಟಿದೆ ಎಂದರ್ಥ. ನುಂಗಿದರೆ ಒಪ್ಪಿಗೆ. ತಂದವನು ಎದುರಿಗೇ ನಿಂತು ಇವರ ಗಂಟಲನ್ನೇ ನೋಡುತ್ತಿರುತ್ತಿದ್ದ. ಅಂಥವನ ಮುಂದೆ ಉಗುಳುವುದು ಓನರಿಂದ ಆಗದ ಮಾತು. ಕಮಟು ಹಿಡಿದಿದ್ದರೂ ಕಣ್ಣು ಮುಚ್ಚಿ ನುಂಗಿ, ಬೆಲೆಯಲ್ಲಿ ಸ್ವಲ್ಪ ಜಗ್ಗುತ್ತಿದ್ದರು. ಒಂದು ಚೀಲದ ರುಚಿ ಇನ್ನೊಂದಕ್ಕೆ ಅಂಟಬಾರದು ಅಂತ ನಡುನಡುವೆ ಒಂದು ಚೂರು ಬೆಲ್ಲ. ಬೆಳಿಗ್ಗೆ ಮಂಡಿ ಬಾಗಿಲು ತೆಗೆದಾಗಿನಿಂದ ಸಂಜೆ ಹಾಕುವವರೆಗೆ ಬಾಯಿ ಆಡುತ್ತಲೇ ಇರುತ್ತಿತ್ತು. ಜೇಬಿನಲ್ಲಿ ಉಳಿದ ಚೂರುಗಳು ದಾರಿಗೆ.

ಹೀಗಾಗಿ ಬೀದಿಯ ತಿರುವಿನಲ್ಲಿ ಮೊದಲು ಅವರ ಹೊಟ್ಟೆ ಕಾಣಿಸಿಕೊಂಡು ಆಮೇಲೆ ಓನರು ಕಾಣುತ್ತಿದ್ದರು. ಯಾರೂ ಅದನ್ನು ಕಾಯಿಲೆ ಅನ್ನಲಿಲ್ಲ. ಮಂಡಿ ಯಜಮಾನನಿಗೆ ಹೊಟ್ಟೆ ಇಲ್ಲದಿದ್ದರೆ ರೈತರು ನಂಬಿ ಮಾಲು ಹಾಕುತ್ತಾರೆಯೇ? ಅದು ಕಳೆ. ಓನರಮ್ಮನೂ ಹೆಮ್ಮೆಯಿಂದಲೇ ಅಂಗಿಗೆ ವರ್ಷ ವರ್ಷ ಬಟ್ಟೆ ಜಾಸ್ತಿ ತರಿಸುತ್ತಿದ್ದರು.

ಇನ್ನೊಂದು ವಿಷಯ ಹೇಳಲೇಬೇಕು. ಓನರಿಗೆ ಕುಡಿತ ಕಂಡರೆ ಮೈಯೆಲ್ಲ ಉರಿ. ಕುಡಿದು ಬಂದವನ ಮಾಲಿಗೆ ಕೈ ಹಾಕುತ್ತಿರಲಿಲ್ಲ. "ಹೋಗ್ಲಾ, ಬಾಯಿ ತೊಳ್ಕಂಡು ನಾಳೆ ಬಾ" ಎಂದು ಚೀಲ ಸಮೇತ ಕಳಿಸಿದ್ದನ್ನು ನಾನೇ ನೋಡಿದ್ದೇನೆ. ಬೀದಿಯಲ್ಲಿ ಅವರಿಂದ ಬುದ್ಧಿಮಾತು ಹೇಳಿಸಿಕೊಳ್ಳದ ಗಂಡಸೇ ಇರಲಿಲ್ಲ. ಕೇಳಿಸಿಕೊಂಡವರೆಲ್ಲ ಒಂದು ದಿನಕ್ಕಾಗಿ ಕಾಯುತ್ತಿದ್ದರು ಅಂತ ಕಾಣುತ್ತದೆ... ಆ ದಿನ ಬಂತು.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷ ಆಗಿದ್ದಿರಬೇಕು. ಇದ್ದೊಬ್ಬ ಮಗಳಿಗೆ ಬೇಲೂರಿನ ಗಂಡು ಒಪ್ಪಿಗೆಯಾಗಿತ್ತು, ತಾಲ್ಲೂಕು ಕಚೇರಿಯಲ್ಲಿ ಸರ್ವೆ ಕೆಲಸ. ಶಾಸ್ತ್ರ ಮಾಡಿ ಮಾತು ಗಟ್ಟಿ ಮಾಡಿಕೊಳ್ಳುವುದಷ್ಟೇ ಬಾಕಿ. ಅಷ್ಟರಲ್ಲಿ ಓನರಿಗೆ ಬಲಗಡೆ ಪಕ್ಕೆಯ ಕೆಳಗೆ ಏನೋ ಭಾರ ಭಾರ. ಊರಿಗೆ ಆಗಷ್ಟೇ ಸ್ಕ್ಯಾನಿಂಗ್ ಮೆಷಿನ್ ಬಂದಿತ್ತು. ಓನರಮ್ಮ ಹಟ ಹಿಡಿದು ಕರೆದುಕೊಂಡು ಹೋದರು. ಸ್ಕ್ಯಾನ್ ಆಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದಾಗ ಕಾಂಪೌಂಡರು ಬಾಗಿಲಿಗೆ ಬಂದು, "ಲಿವರ್‌ನಲ್ಲಿ ಕೊಬ್ಬು ಬಂದಿರೋದು ಯಾರಿಗ್ರೀ? ಒಳಗೆ ಬರ್ಬೇಕಂತೆ" ಎಂದು ಎಲ್ಲರಿಗೂ ಕೇಳುವ ಹಾಗೆ ಕೂಗಿದ. ಬೆಂಚಿನ ಇನ್ನೊಂದು ತುದಿಯಲ್ಲಿ ಮಂಡಿ ಬೀದಿಯವರೇ ಇಬ್ಬರು ಕೂತಿದ್ದರು. ಮುಗಿಯಿತು. ಓನರು ಮನೆ ಸೇರುವ ಮೊದಲು ಸುದ್ದಿ ಮನೆ ಸೇರಿತ್ತು.

ನಮ್ಮ ಕಡೆ ಲಿವರ್ ಅಂದರೆ ಒಂದೇ ಅರ್ಥ. ಅದು ಕುಡುಕರಿಗೆ ಮಾತ್ರ ಕೆಡುವ ವಸ್ತು. ಮಿಕ್ಕವರ ಹೊಟ್ಟೆಯಲ್ಲಿ ಅದು ಇರುತ್ತದೆ ಅನ್ನುವುದೇ ಯಾರಿಗೂ ಗೊತ್ತಿರುವುದಿಲ್ಲ. ಡಾಕ್ಟರು ಕೂಡ ಮೊದಲು "ಡ್ರಿಂಕ್ಸ್ ಅಭ್ಯಾಸ ಇದೆಯಾ?" ಎಂದೇ ಕೇಳಿದರಂತೆ. ಓನರು ಎದ್ದು ಹೊರಟೇಬಿಟ್ಟಿದ್ದರು, ಓನರಮ್ಮ ಅಂಗಿ ಹಿಡಿದು ಎಳೆದು ಕೂರಿಸಿದರು. ಏನೇನು ತಿನ್ನುತ್ತೀರಿ ಅಂದದ್ದಕ್ಕೆ ಓನರು ಎದೆ ಮುಟ್ಟಿಕೊಂಡು ನಿಜವನ್ನೇ ಹೇಳಿದರು. ಬೆಳಿಗ್ಗೆ ಒಂದು ಮುದ್ದೆ, ರಾತ್ರಿ ಒಂದು ಮುದ್ದೆ, ಸೊಪ್ಪಿನ ಸಾರು, ಹಬ್ಬ ಬಂದರೆ ಬಾಡು. ಓನರಮ್ಮನೂ ಹೌದು ಹೌದು ಅಂದರು. ಕುಡಿಯದವರಿಗೂ ಇದು ಬರುತ್ತದೆ, ಹೊಟ್ಟೆ ಬಂದವರಿಗೆ, ಸಕ್ಕರೆ ಏರುತ್ತಿರುವವರಿಗೆ ಬರುತ್ತದೆ ಎಂದು ಡಾಕ್ಟರು ಬಿಡಿಸಿ ಹೇಳಿದರು. ರಕ್ತ ಪರೀಕ್ಷೆಗೂ ಕೊಡಿಸಿ, ಮಾತ್ರೆ ಬರೆದುಕೊಟ್ಟು, ಹೀಗೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡವರಿಗೆ ಎಷ್ಟೋ ಸಲ ಮೊದಲು ಕೈಕೊಡುವುದು ಹೃದಯ, ಆದ್ದರಿಂದ ನಡೆಯಿರಿ, ಬಾಯಿ ಕಟ್ಟಿ, ತಿಂಗಳಿಗೊಮ್ಮೆ ಬನ್ನಿ ಅಂದರು. ಇದನ್ನೆಲ್ಲ ಅವತ್ತು ಸಂಜೆ ಓನರಮ್ಮ ನನಗೆ ಹೇಳಿದ್ದು. ಓನರಿಗೆ ಹೃದಯದ ಮಾತು ಕಿವಿಗೇ ಬಿದ್ದಿರಲಿಲ್ಲ. ಲಿವರ್ ಅನ್ನುವ ಒಂದು ಶಬ್ದ ಕೇಳಿದ್ದೇ ಕಿವಿ ಮುಚ್ಚಿಹೋಗಿತ್ತು.

ಮಾರನೆಯ ದಿನದಿಂದ ಶುರುವಾಯಿತು ನೋಡಿ ಅವರ ಹೋರಾಟ. ಮಾತ್ರೆಯ ಚೀಟಿ ದೇವರ ಮನೆಯ ಗೂಡಿನಲ್ಲಿ ಹಾಗೇ ಕೂತಿತು. ಓನರು ಮಾತ್ರ ತಾನು ಕುಡಿಯುವುದಿಲ್ಲ ಎಂದು ಊರಿಗೆಲ್ಲ ತೋರಿಸಲು ಹೊರಟರು. ಸಂಜೆ ಮಂಡಿ ಮುಗಿಸಿ ಬಂದವರು ಒಳಗೆ ಹೋಗದೆ ಜಗಲಿಯ ಮೇಲೆ ದೀಪದ ಕೆಳಗೇ ಕೂರುತ್ತಿದ್ದರು, ಎಲ್ಲರೂ ನೋಡಲಿ ಅಂತ. ದಾರಿಯಲ್ಲಿ ಹೋಗುವವರನ್ನು ಕರೆದು ಅವರ ಮುಖಕ್ಕೆ "ಹಾ..." ಎಂದು ಉಸಿರು ಬಿಟ್ಟು, "ಏನಾರ ವಾಸನೆ ಬತ್ತೈತಾ?" ಎಂದು ಕೇಳುತ್ತಿದ್ದರು. ಪಾಪ, ಬರುತ್ತಿದ್ದದ್ದು ಕೊಬ್ಬರಿ ಬೆಲ್ಲದ ವಾಸನೆ. ಹಾಗೆ ಮೂಸಿದವರು ಮುಂದಿನ ತಿರುವಿನಲ್ಲಿ ನಿಂತು, "ಬೆಲ್ಲ ತಿಂದು ವಾಸನೆ ಮುಚ್ಕತಾರೆ ಕಣ್ರಲಾ" ಎಂದು ಮಾತಾಡಿಕೊಂಡರು. ಒಂದು ಸಂಜೆ ನನ್ನ ಮುಖಕ್ಕೂ ಉಸಿರು ಬಿಡಲು ಬಂದರು. ನಾನು ಕೈ ಮುಗಿದು ಮೆಟ್ಟಿಲು ಹತ್ತಿದೆ.

ನಗುವ ವಿಷಯ ಅಲ್ಲಿಗೇ ನಿಲ್ಲಲಿಲ್ಲ. ವಾರ ಕಳೆಯುವುದರೊಳಗೆ ಓನರಮ್ಮನ ತಮ್ಮ ಬೇಲೂರಿನಿಂದ ಬಂದ. ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು, "ಭಾವ, ಗಂಡಿನ ಕಡೆಯೋರು ಕೇಳ್ತಾವ್ರೆ... ನೀವು ತಗೊತೀರಂತೆ, ಹೌದಾ ಅಂತ" ಅಂದ. ಮಗಳು ಬಾಗಿಲ ಹಿಂದೆ ನಿಂತಿದ್ದಳು. ಓನರು ಕೂಗಾಡುತ್ತಾರೆ ಅಂದುಕೊಂಡಿದ್ದೆ. ಕೂಗಾಡಲಿಲ್ಲ. ತುಂಬ ಹೊತ್ತು ಕೈಯಲ್ಲಿದ್ದ ಕೊಬ್ಬರಿ ಚೂರನ್ನು ತಿರುಗಿಸುತ್ತಾ ಕೂತಿದ್ದರು. ಅವತ್ತು ಮೊದಲ ಸಲ ನನಗೆ ಅವರನ್ನು ನೋಡಿ ಅಯ್ಯೋ ಅನಿಸಿತು.

ಮರುದಿನ ನನ್ನನ್ನು ಕರೆದರು. ಡಾಕ್ಟರ ಕೈಲಿ "ಇವರು ಕುಡಿಯುವವರಲ್ಲ" ಎಂದು ಬರೆಸಿಕೊಂಡು ಬರಬೇಕಂತೆ, ಜೊತೆಗೆ ಟೀಚರು ಇದ್ದರೆ ಡಾಕ್ಟರು ಇಲ್ಲ ಅನ್ನುವುದಿಲ್ಲವಂತೆ. ನಾನು, ಓನರು, ಓನರಮ್ಮ ಮೂವರೂ ಹೋದೆವು. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ಅವರ ಮನೆಯಲ್ಲೂ ತೆಂಗಿನ ತೋಟವಿತ್ತು. ಸಮಾಧಾನದಿಂದ ಕೇಳಿಸಿಕೊಂಡರು.

"ಹಂಗೆಲ್ಲಾ ಬರ್ಕೊಡೋಕೆ ಬರಲ್ಲ ಯಜಮಾನ್ರೆ. ನಾನಂತೂ ನಿಮ್ಮ ಮಾತು ನಂಬ್ತೀನಿ. ಆದ್ರೆ ನನಗೊಂದು ತಿಳೀತಿಲ್ಲ. ಎರಡು ಮುದ್ದೆ, ಸೊಪ್ಪಿನ ಸಾರು ತಿನ್ನೋರ ರಕ್ತದಲ್ಲಿ ಇಷ್ಟು ಕೊಬ್ಬು ಎಲ್ಲಿಂದ ಬಂತು?"

ಅವರು ಮಾತಾಡುತ್ತಿದ್ದ ಹಾಗೇ ಓನರ ಕೈ ತನ್ನಷ್ಟಕ್ಕೆ ಜೇಬಿಗೆ ಹೋಯಿತು. ಒಂದು ಚೂರು ಬಾಯಿಗೆ ಬಿತ್ತು. ಇನ್ನೊಂದು ಚೂರನ್ನು ಮರ್ಯಾದೆಯಿಂದ ಮೇಜಿನ ಮೇಲಿಟ್ಟು, "ತಗಳಿ ಸಾರ್, ಬೆಳಿಗ್ಗೆ ಬಂದ ಮಾಲು" ಅಂದರು.

ಡಾಕ್ಟರು ಆ ಚೂರನ್ನು ನೋಡಿದರು, ಓನರ ಆಡುತ್ತಿದ್ದ ಬಾಯನ್ನು ನೋಡಿದರು. "ಇದನ್ನ ದಿನಾ ತಿಂತೀರಾ?"

"ತಿನ್ನದಾ? ಇಲ್ಲ ಸಾರ್, ಇದು ತಿನ್ನದಲ್ಲ. ಇದು ಕೆಲಸ."

ನಾನು ಓನರಮ್ಮನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ಇಷ್ಟು ವರ್ಷ ಅದೇ ಮನೆಯಲ್ಲಿದ್ದು, ಅವರ ಜೇಬಿನ ಕೊಬ್ಬರಿ ತಿಂದು, ಅದೂ ಹೊಟ್ಟೆಗೇ ಹೋಗುತ್ತದೆ ಎಂದು ನಮಗೂ ಹೊಳೆದಿರಲಿಲ್ಲವಲ್ಲ. ಎಲೆಯ ಮುಂದೆ ಕೂತು ತಿಂದರೆ ಊಟ. ಚೀಲದ ಮುಂದೆ ನಿಂತು ನುಂಗಿದ್ದು ವ್ಯಾಪಾರ. ಓನರು ಸುಳ್ಳು ಹೇಳಿರಲೇ ಇಲ್ಲ. ದಿನಕ್ಕೆ ಎಷ್ಟು ಚೀಲ ನೋಡುತ್ತೀರಿ, ನಡುವೆ ಬೆಲ್ಲ ಎಷ್ಟು ಎಂದು ಡಾಕ್ಟರು ಕೇಳಿದಾಗ ಬೆರಳು ಮಡಚುತ್ತಾ ಹೋದವರು, ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಬಂದ ಮೇಲೆ ಎಣಿಸುವುದನ್ನೇ ನಿಲ್ಲಿಸಿದರು. ನನಗೆ ತಡೆಯಲಾಗದೆ ನಗು ಬಂದುಬಿಟ್ಟಿತು. ಡಾಕ್ಟರೂ ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು.

"ನಿಮ್ಮ ಮನೇಲಿ ಅಟ್ಟ ಇದೆಯಲ್ಲ ಯಜಮಾನ್ರೆ. ಅಟ್ಟ ತುಂಬಿದ ಮೇಲೂ ಕಾಯಿ ಬರ್ತಾನೇ ಇದ್ರೆ ಎಲ್ಲಿಡ್ತೀರಿ?"

"ಮೆಟ್ಲ ಮೇಲೆ. ಆಮೇಲೆ ಪಡಸಾಲೇಲಿ."

"ಓಡಾಡೋಕೆ?"

"ಜಾಗ ಇರಲ್ಲ."

"ಲಿವರ್ ನಿಮ್ಮ ಅಟ್ಟ. ಅದು ತುಂಬಿಹೋಗಿದೆ. ಹೆಚ್ಚಾದ ಕೊಬ್ಬು ಈಗ ರಕ್ತಕ್ಕೆ ಇಳೀತಿದೆ, ಸಕ್ಕರೇನೂ ಏರ್ತಿದೆ. ಹೃದಯಕ್ಕೆ ರಕ್ತ ಹೋಗೋ ದಾರಿ ಕಟ್ಟಿಕೊಳ್ಳೋದು ಹಿಂಗೇನೆ. ನೀವು ಊರೆಲ್ಲಾ ಲಿವರ್ ಲಿವರ್ ಅಂತ ಜಗಳ ಆಡ್ತಿದ್ದೀರಿ. ನನಗೆ ಯೋಚನೆ ಆಗಿರೋದು ನಿಮ್ಮ ಹೃದಯದ್ದು."

ಹೊರಗೆ ಬಂದ ಮೇಲೆ ಓನರು ಸರ್ಟಿಫಿಕೇಟಿನ ಮಾತೆತ್ತಲಿಲ್ಲ. ಸ್ಟೇಷನ್ ರಸ್ತೆಯಲ್ಲಿ ನಮ್ಮಿಬ್ಬರ ಹಿಂದೆ ನಿಧಾನವಾಗಿ ನಡೆದು ಬರುತ್ತಿದ್ದರು. ಓನರಮ್ಮ ತರಕಾರಿಗೆ ನಿಂತಾಗ ನನ್ನ ಹತ್ತಿರ ಬಂದು, ಹೆಂಡತಿಗೆ ಕೇಳದ ಹಾಗೆ, "ಟೀಚರಮ್ಮ, ಹೃದಯ ಅಂದ್ಬಿಟ್ರಲ್ಲ ಡಾಕ್ಟ್ರು... ಮಗಳ ಧಾರೆ ಎರಿಯಾಗಂಟ ನಾನಿರ್ತೀನಾ?" ಅಂದರು. ಇರ್ತೀರಿ, ಬಾಯಿ ಕಟ್ಟಿದರೆ ಮೊಮ್ಮಕ್ಕಳ ಮದುವೆಯನ್ನೂ ನೋಡುತ್ತೀರಿ ಎಂದು ಜೋರಾಗಿಯೇ ಹೇಳಿದೆ. ಧೈರ್ಯ ಹೇಳುವಾಗ ದನಿ ಏರಿಸುವುದು ಮೇಷ್ಟ್ರು ಕೆಲಸದವರ ಚಾಳಿ. ಒಳಗೊಳಗೆ ನನಗೂ ಭಯವಾಗಿತ್ತು.

ಬೇಲೂರಿಗೆ ತಾವೇ ಹೋಗಿ ಎಲ್ಲವನ್ನೂ ಹೇಳಿಬಿಡುವುದೆಂದು ಅವತ್ತು ರಾತ್ರಿ ತೀರ್ಮಾನ ಮಾಡಿದರು. ಭಾನುವಾರ ಬೆಳಿಗ್ಗೆ ಬಸ್ಸು. ನನ್ನನ್ನೂ ಹೊರಡಿಸಿದರು, ಡಾಕ್ಟರ ಮಾತಿಗೆ ಸಾಕ್ಷಿ ಅಂತ. ಜಾವಗಲ್‌ನಲ್ಲಿ ಪರಿಚಯದ ರೈತರು ಬಸ್ಸು ಹತ್ತಿ, ವಾಡಿಕೆಯಂತೆ ಕೊಬ್ಬರಿ ಚೂರು ಮುರಿದು ಕೊಟ್ಟರು. ಓನರು ತೆಗೆದುಕೊಂಡು, ಮೂಸಿ, ಕಿಟಕಿ ಆಚೆ ನೋಡುತ್ತಾ ನನ್ನ ಕೈಗೆ ದಾಟಿಸಿದರು. ಹಳೇಬೀಡಿನಲ್ಲಿ ಬಸ್ಸು ನಿಂತಾಗ ಕಡಲೆಕಾಯಿಯವನು ಬಂದ, ಅವನನ್ನೂ ಕಳಿಸಿದರು. ಅವತ್ತಿನವರೆಗೆ ಅವರು ತಿನ್ನುವುದಕ್ಕೆ ಬೇಡ ಅಂದದ್ದನ್ನು ನಾನು ನೋಡಿರಲಿಲ್ಲ.

"ಗುಡಿ ಗೋಡೆ ಮೇಲೆ ಆ ಆನೆಗಳ ಸಾಲು ನೋಡಿದ್ದೀರಲ್ಲ ಟೀಚರಮ್ಮ," ಅಂದರು ಬೇಜಾರಿನಿಂದ. "ಎಲ್ಲವಕ್ಕೂ ನನ್ನಂಗೇ ಹೊಟ್ಟೆ. ಏನೂ ಆಗಿಲ್ಲ ನೋಡಿ, ಹಂಗೇ ನಿಂತವೆ."

"ಅವು ಕಲ್ಲು ಕಣ್ರೀ," ಅಂದರು ಓನರಮ್ಮ.

ಹುಡುಗನ ಮನೆ ಬೇಲೂರಿನ ದೇವಸ್ಥಾನದ ಹಿಂದಿನ ಬೀದಿಯಲ್ಲಿ. ಹುಡುಗನಿಗೆ ತಂದೆ ಇರಲಿಲ್ಲ. ಮಾತುಕತೆಗೆಲ್ಲ ದೊಡ್ಡಪ್ಪನದೇ ಯಜಮಾನಿಕೆ, ಮೀಸೆ ಹುರಿ ಮಾಡಿಕೊಂಡ ಖಡಕ್ ಮನುಷ್ಯ. ಹುಡುಗನ ತಾಯಿ ಹೆಚ್ಚು ಮಾತಿನವರಲ್ಲ. ಬಂದವರಿಗೆ ನೀರು ಕೊಟ್ಟು, ಒಳಗೆ ಹೋಗಿ ಒಲೆಯ ಮುಂದೆ ಕೂತುಬಿಟ್ಟರು. ಓನರು ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಎಲೆ ಹಾಕಿದರು. ಊಟದ ಹೊತ್ತಿಗೆ ಬಂದವರನ್ನು ಮಾತಾಡಿಸುತ್ತಾ ಕೂರಿಸುವುದು ನಮ್ಮ ಕಡೆ ಇಲ್ಲ. ಎಲೆ ತುದಿಗೆ ಎರಡು ಒಬ್ಬಟ್ಟು ಬಂತು, ಅದರ ಮೇಲೆ ತುಪ್ಪ. ತಟ್ಟೆಯಗಲದ ಒಬ್ಬಟ್ಟು, ಬಿಸಿ ಇನ್ನೂ ಆರಿರಲಿಲ್ಲ. ಬಾಯಿ ಕಟ್ಟಿ ಅಂತ ಡಾಕ್ಟರು ಹೇಳಿದ್ದಾರೆ ನಿಜ. ಆದರೆ ಹೆಣ್ಣು ಕೊಡುವವನು ಗಂಡಿನ ಮನೆಯಲ್ಲಿ ಎಲೆಗೆ ಬಿದ್ದದ್ದನ್ನು ಬಿಟ್ಟು ಏಳುವುದುಂಟೇ? ಓನರು ಒಬ್ಬಟ್ಟನ್ನು ನೋಡಿದರು, ನನ್ನನ್ನು ನೋಡಿದರು. ನಾನು ತಲೆ ತಗ್ಗಿಸಿ ನನ್ನ ಕೋಸಂಬರಿ ತಿಂದೆ.

ಆಗ ದೊಡ್ಡಪ್ಪನೇ ಶುರು ಮಾಡಿದ. "ಯಜಮಾನ್ರಿಗೆ ಲಿವರ್ ತೊಂದ್ರೆ ಅಂತ ಕೇಳ್ದೆ."

ಓನರು ಕೈಯನ್ನು ಎಲೆಯಿಂದ ಹಿಂದಕ್ಕೆ ತೆಗೆದರು. "ಹೂಂ, ಐತೆ," ಅಂದರು. "ಅದನ್ನ ಹೇಳಾಕೇ ಬಂದೆ." ಆಮೇಲೆ ಒಂದೂ ಬಿಡದೆ ಹೇಳಿದರು. ಚೀಲ, ಚೂರು, ನುಂಗುವ ಕಟ್ಟಳೆ, ಬೆಲ್ಲ, ಅಟ್ಟ, ಮೆಟ್ಟಿಲು, ಕೊನೆಗೆ ಹೃದಯ. ದೊಡ್ಡಪ್ಪ ಮೊದಲು ಹುಬ್ಬು ಗಂಟಿಕ್ಕಿದವನು ಕೊನೆಗೆ ಬಿದ್ದು ಬಿದ್ದು ನಕ್ಕ. "ಕೊಬ್ಬರಿ ತಿಂದು ಲಿವರ್ ಹೋಗದಾ? ಹಂಗಾರೆ ಈ ತಾಲ್ಲೂಕಿನಾಗೆ ಯಾರೂ ಉಳೀಬಾರ್ದಿತ್ತಲ್ಲ" ಅಂದ. ನಂಬಿದನೋ ಬಿಟ್ಟನೋ ಗೊತ್ತಾಗಲಿಲ್ಲ. ಓನರ ಮುಖ ಕೆಂಪಾಗಿತ್ತು. ಮಗಳ ಮದುವೆ ಆ ನಗುವಿನಲ್ಲಿ ತೇಲಿಹೋಗುತ್ತದೆ ಅಂತಲೇ ನನಗೆ ಅನಿಸಿತು.

ಹುಡುಗನ ತಾಯಿ ಸಾರಿನ ಪಾತ್ರೆ ಹಿಡಿದು ಬಾಗಿಲಲ್ಲೇ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ಏನೋ. "ಹೃದಯದ್ದು ಅಂದ್ರಾ ಡಾಕ್ಟ್ರು?" ಎಂದು ಕೇಳಿದರು.

"ಹೂಂ ಕಣಮ್ಮ. ಹೃದಯಾನೇ ನೋಡ್ಕಬೇಕು ಅಂದ್ರು."

ಆಕೆ ಪಾತ್ರೆ ಕೆಳಗಿಟ್ಟು ಒಂದು ಖಾಲಿ ತಟ್ಟೆ ತೆಗೆದುಕೊಂಡರು. ಪಂಕ್ತಿಯ ಮುಂದೆ ಬಂದು, ಬಗ್ಗಿ, ಓನರ ಎಲೆಯ ಮೇಲಿದ್ದ ಎರಡು ಒಬ್ಬಟ್ಟನ್ನೂ ಕೈಯಿಂದ ಎತ್ತಿ ಆ ತಟ್ಟೆಗೆ ಹಾಕಿಕೊಂಡರು.

ಗೊತ್ತಿಲ್ಲದವರಿಗೆ ಇದು ಏನೂ ಅನಿಸಲಿಕ್ಕಿಲ್ಲ. ನಮ್ಮ ಕಡೆ ಬೀಗರನ್ನು ಕೂರಿಸಿ, ಬೇಡ ಬೇಡ ಅಂದರೂ ಕೈ ಸರಿಸಿ ಬಡಿಸುವುದು ಉಪಚಾರ. ಬಡಿಸಿದ್ದನ್ನು ಎಲೆಯಿಂದ ವಾಪಸ್ ಎತ್ತಿಕೊಳ್ಳುವುದು ಅಂದರೆ ಎದ್ದು ಹೋಗಿ ಅಂದ ಹಾಗೆ, ಸಂಬಂಧ ಬೇಡ ಅಂದ ಹಾಗೆ. ಓನರಮ್ಮನ ಕೈ ತುತ್ತಿನ ಜೊತೆ ಅಲ್ಲೇ ನಿಂತಿತು. ದೊಡ್ಡಪ್ಪನೇ ಗಾಬರಿಯಾಗಿ, "ಏನಮ್ಮ ಇದು, ಬಂದೋರ ಎಲೆಗೆ ಕೈ ಹಾಕ್ತೀಯ?" ಅಂದ.

"ಹಾಕ್ತೀನಿ ಭಾವ," ಅಂದರು ಆಕೆ. ದನಿ ಎತ್ತರಿಸಲಿಲ್ಲ. "ನಮ್ಮನೆಯೋರು ಕುಡೀತಿದ್ರಾ? ಒಂದು ಬೀಡಿನೂ ಸೇದ್ನಿಲ್ಲ. ಅವರಿಗೂ ಹಿಂಗೇ ಲಿವರ್‌ನಾಗೆ ಕೊಬ್ಬು ಅಂದಿದ್ರು. ಲಿವರ್ ತಾನೇ ಅಂತ ನೆಲನೆಲ್ಲಿ ಅರೆದು ಅರೆದು ಕು‌ಡಿಸ್ದೆ ನಾನು. ಮಧ್ಯಾಹ್ನ ನನ್ನ ಕೈಲೇ ಒಬ್ಬಟ್ಟು ಇಕ್ಕಿಸ್ಕಂಡು ಉಂಡೋರು, ಎದೆ ಉರಿ, ಗ್ಯಾಸು ಅಂದ್ರು. ಸಂಜೆಗೆ ಇರ್ನಿಲ್ಲ. ಹೃದಯದ ಮಾತು ಯಾರೂ ಹೇಳ್ನಿಲ್ಲ ನಮಗೆ, ಹೇಳಿದ್ರೂ ನಾವು ಕೇಳ್ತಿದ್ವೋ ಇಲ್ವೋ..." ತಟ್ಟೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. ಆಮೇಲೆ ಓನರ ಕಡೆ ತಿರುಗಿ, "ನನ್ನ ಮಗನಿಗಂತೂ ಅಪ್ಪ ಇಲ್ಲ. ನನ್ನ ಸೊಸೆಗಾದ್ರೂ ಇರ್ಲಿ. ಮುದ್ದೆ ಉಣ್ಣಿ ಬೀಗ್ರೆ" ಅಂದರು.

ಸೊಸೆ ಅಂದುಬಿಟ್ಟರು. ಬೀಗರೆ ಅಂದುಬಿಟ್ಟರು. ಶಾಸ್ತ್ರ, ತಾಂಬೂಲ, ಹಿರಿಯರು, ಮುಹೂರ್ತ ಏನೂ ಇಲ್ಲದೆ ಸಂಬಂಧ ಅಲ್ಲೇ ಗಟ್ಟಿಯಾಯಿತು. ಓನರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ಓನರು ಮಾತ್ರ ಒಳಗೆ ಹೋಗುತ್ತಿದ್ದ ತಟ್ಟೆಯನ್ನು ಬಸ್ಸು ತಪ್ಪಿಸಿಕೊಂಡವರ ಹಾಗೆ ನೋಡುತ್ತಿದ್ದರು. "ಒಂದನ್ನಾರ ಬಿಡಬೌದಿತ್ತು" ಎಂದು ಗೊಣಗಿದ್ದು ಪಕ್ಕದಲ್ಲಿದ್ದ ನನಗೆ ಕೇಳಿಸಿತು.

ಆಮೇಲೆ ಮಂಡಿಯ ಕಟ್ಟಳೆ ಬದಲಾಯಿತು. ಓನರು ಕೊಬ್ಬರಿ ಒಡೆದು, ಮೂಸಿ, ಚೂರನ್ನು ರೈತನ ಬಾಯಿಗೇ ಕೊಟ್ಟು, "ನೀನೇ ತಿಂದು ಹೇಳಪ್ಪ" ಎಂದು ಅವನ ಮುಖ ನೋಡುತ್ತಾ ನಿಲ್ಲುತ್ತಿದ್ದರು. ಕಮಟು ಕೊಬ್ಬರಿಯನ್ನು ಬಾಯಲ್ಲಿಟ್ಟುಕೊಂಡು ಚೆನ್ನಾಗಿದೆ ಅನ್ನುವುದು ಯಾರಿಗೂ ಸುಲಭವಲ್ಲ. ಕೆಲವರು ತಮ್ಮ ಮಾಲನ್ನು ತಾವೇ ಉಗುಳಿ, ನಾಚಿಕೊಂಡು ಬೆಲೆ ಇಳಿಸಿಕೊಂಡು ಹೋದರು. ಇದನ್ನು ಹೇಳುವಾಗ ಓನರಿಗೆ ಎಲ್ಲಿಲ್ಲದ ಖುಷಿ. ಬೆಳಿಗ್ಗೆ ಬೆಳಿಗ್ಗೆ ಕೆರೆ ಏರಿಯ ಮೇಲೆ ಪಂಚೆ ಎತ್ತಿ ಕಟ್ಟಿ ನಡೆಯಲು ಶುರು ಮಾಡಿದರು. ಡಾಕ್ಟರು ಕೊಟ್ಟ ಮಾತ್ರೆಯನ್ನು ಬೈದುಕೊಂಡಾದರೂ ನುಂಗಿದರು. ಜೇಬಿಗೆ ಕೈ ಹೋಗುವ ಚಟ ಮಾತ್ರ ತುಂಬ ದಿನ ಬಿಡಲಿಲ್ಲ, ಖಾಲಿ ಜೇಬಿನಲ್ಲಿ ಬೆರಳಾಡಿಸುತ್ತಾ ಕೂರುತ್ತಿದ್ದರು. ಹೊಟ್ಟೆ ನಿಧಾನವಾಗಿ ಇಳಿಯಿತು. ಬೀದಿಯವರು ಆಗಲೂ ಬಿಡಲಿಲ್ಲ, "ಕುಡಿಯೋದು ಬಿಟ್ರು ಅಂತ ಕಾಣ್ತದೆ" ಅಂದರು. ಓನರು ಈ ಸಲ ಜಗಳಕ್ಕೆ ಹೋಗಲಿಲ್ಲ.

ಧಾರೆ ಎರೆದರು. ಎರೆಯುವಾಗ ತಂಬಿಗೆಯನ್ನು ಒಂದೇ ಸಲ ಬಗ್ಗಿಸಿದ್ದಕ್ಕೆ ನೀರು ಅರ್ಧ ನನ್ನ ಸೀರೆಯ ಮೇಲೆ ಬಿತ್ತು. ಬೀಗರ ಊಟದ ದಿನ ಬೇಲೂರಿನ ಬೀಗಿತ್ತಿ ಎಲ್ಲರೆದುರಿಗೇ ಅವರ ಎಲೆಗೆ ಎರಡು ಒಬ್ಬಟ್ಟು ಬಡಿಸಿ, ಒಂದನ್ನು ಎತ್ತಿಕೊಂಡರು. ಅದೇ ಎರಡು ಮನೆಗಳ ಪದ್ಧತಿಯಾಯಿತು. ಹಬ್ಬ, ನಾಮಕರಣ, ಏನೇ ಇರಲಿ, ಎರಡು ಬಡಿಸುವುದು, ಒಂದು ಎತ್ತಿಕೊಳ್ಳುವುದು. ಓನರು ಒಮ್ಮೆ ಒಂದನ್ನು ಅನ್ನದ ಕೆಳಗೆ ಬಚ್ಚಿಟ್ಟರು. ಬೀಗಿತ್ತಿ ಅನ್ನ ಸರಿಸಿ ಎತ್ತಿಕೊಂಡು ಹೋದರು. ಮೊಮ್ಮಕ್ಕಳಿಗೆ ಅದೊಂದು ಆಟ, ತಾತನ ಎಲೆಯ ಸುತ್ತ ಕಾವಲು ಕೂರುತ್ತಿದ್ದವು.

ನನಗೆ ವರ್ಗವಾಯಿತು. ಮೊಳೆ ಕೀಳುವಾಗ ಓನರು ಬಂದು ನಿಂತು, "ಸೊಟ್ಟಗೇ ಹೊಡೆದಿದ್ದೆ ಅಲ್ವಾ, ಹೇಳ್ಬಾರ್ದಾ?" ಅಂದರು. ಆಮೇಲೆ ಫೋನಿನಲ್ಲಿ ಆಗಾಗ ಮಾತು. ಪ್ರತಿ ಸಲವೂ ನನ್ನ ಕ್ಷೇಮಕ್ಕಿಂತ ಮೊದಲು, "ನಡೀತಿದ್ದೀರಾ?" ಎಂದು ಕೇಳುತ್ತಿದ್ದರು. ಇದ್ದರು, ತುಂಬ ವರ್ಷ ಇದ್ದರು. ಮೊಮ್ಮಗಳು ಕಾಲೇಜು ಸೇರಿದ್ದನ್ನು ನೋಡಿದರು. ಕೂದಲು ಬೆಳ್ಳಗಾಯಿತು, ಮಂಡಿಯನ್ನು ಅಳಿಯನ ತಮ್ಮನಿಗೆ ಬಿಟ್ಟುಕೊಟ್ಟರು, ಏರಿಯ ಮೇಲಿನ ನಡಿಗೆ ಮಾತ್ರ ಬಿಡಲಿಲ್ಲ. ಈ ತಿಂಗಳ ಮೊದಲಲ್ಲಿ ಒಂದು ಬೆಳಿಗ್ಗೆ ನಡೆದು ಬಂದು ಜಗಲಿಯ ಮೇಲೆ ಕೂತವರು ಕಾಫಿ ತರುವಷ್ಟರಲ್ಲಿ ಒರಗಿಕೊಂಡಿದ್ದರಂತೆ... ಮಗಳು ಫೋನ್ ಮಾಡಿ ಹೇಳಿದಳು.

ಹೋದ ವಾರ ನಾನು ಅರಸೀಕೆರೆಗೆ ಹೋಗಿದ್ದು ಅವರ ತಿಥಿಗೆ. ನಡುಮನೆಯಲ್ಲಿ ಪಟದ ಮುಂದೆ ಎಲೆ ಹಾಕಿದ್ದರು. ಹೋದವರಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟು, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಸ್ವಲ್ಪ ಹೊತ್ತು ಎಲ್ಲರೂ ಹೊರಗೆ ನಿಲ್ಲುವುದು ಅವರ ಪದ್ಧತಿ. ಕುಡಿಯುವವರಾಗಿದ್ದರೆ ಒಂದು ಬಾಟಲಿಯನ್ನೂ ಇಡುತ್ತಾರೆ. ಬೇಲೂರಿನ ದೊಡ್ಡಪ್ಪ, ಈಗ ಕೋಲೂರಿಕೊಂಡು ನಡೆಯುವ ಮುದುಕ, ಎಲೆಯನ್ನು ಒಂದು ಸುತ್ತು ನೋಡಿ, "ಇಡಾಕೆ ಬಾಟ್ಲೇ ಇಲ್ಲ ನೋಡಿ. ನಿಜವೇ ಹೇಳಿದ್ರು ಯಜಮಾನ್ರು" ಅಂದ. ಅಳುತ್ತಿದ್ದವರೂ ನಕ್ಕುಬಿಟ್ಟೆವು.

ಕೊನೆಯಲ್ಲಿ ಬೀಗಿತ್ತಿ ಬಂದರು. ತಟ್ಟೆಯಲ್ಲಿ ಒಬ್ಬಟ್ಟು. ಸೊಂಟ ಬಗ್ಗಿಹೋಗಿದೆ ಅವರಿಗೀಗ. ಕಷ್ಟಪಟ್ಟು ಕೂತು, ಎಲೆಯ ತುದಿಗೆ ಒಂದು ಒಬ್ಬಟ್ಟು ಇಟ್ಟರು, ಅದರ ಮೇಲೆ ಇನ್ನೊಂದು ಇಟ್ಟರು. ತುಪ್ಪ ಸುರಿದರು. ಪಕ್ಕದಲ್ಲಿ ಒಂದು ಗಿಟುಕು ಕೊಬ್ಬರಿ, ಒಂದು ಅಚ್ಚು ಬೆಲ್ಲ. ವಾಡಿಕೆಯಂತೆ ಕೈ ಒಂದು ಸಲ ಮೇಲಿನ ಒಬ್ಬಟ್ಟಿನ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಹಿಂದಕ್ಕೆ ತೆಗೆದುಕೊಂಡರು.

"ಉಣ್ಣಿ ಬೀಗ್ರೆ," ಅಂದರು. "ಈವತ್ತು ಎರಡೂ ನಿಮ್ದೇ."

ಬಾಗಿಲು ಮುಚ್ಚಿದರು. ನಾವೆಲ್ಲ ಜಗಲಿಯ ಮೇಲೆ ನಿಂತೆವು, ಅವರು ಬೀದಿಗೆಲ್ಲ ಉಸಿರು ಬಿಡುತ್ತಾ ಕೂತಿರುತ್ತಿದ್ದ ಅದೇ ಜಗಲಿ. ಓನರಮ್ಮ ನನ್ನ ಕೈ ಹಿಡಿದುಕೊಂಡಿದ್ದರು. ಸ್ವಲ್ಪ ಹೊತ್ತಾದ ಮೇಲೆ ಮಗಳು ಬಾಗಿಲು ತೆಗೆದಳು. ಎರಡೂ ಒಬ್ಬಟ್ಟು ಇಟ್ಟ ಹಾಗೇ ಇದ್ದವು. ಓನರ ಎಲೆಯಲ್ಲಿ ಒಬ್ಬಟ್ಟು ಉಳಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಬಾಯಿಗೆ ಹಾಕಿಕೊಂಡ ಚೂರು ಇಷ್ಟು ಹೊತ್ತಿಗೆ ಅಗಿದು ಅಗಿದು ಹಾಲಾಗಿದೆ. ಒಳ್ಳೆಯ ಮಾಲು. ನುಂಗಿದೆ. ಕೈ ಬೆಲ್ಲದ ಡಬ್ಬದ ಕಡೆ ಹೋಯಿತು, ಯಾರೋ ಅದನ್ನು ಎತ್ತಿಕೊಂಡ ಹಾಗಾಗಿ ವಾಪಸ್ ಬಂತು. ಚಪ್ಪಲಿ ಮೆಟ್ಟಿಕೊಂಡು ಸಂಜೆಯ ನಡಿಗೆಗೆ ಹೊರಟೆ.